‘ಒಂದೆರಡು ಕಡೆ ಹಗುರ ಮಳೆ’: ಮೂರನೆಯ ಕಡೆ ಬಿದ್ದರೆ ಅದು ಯಾರ ಲೆಕ್ಕಕ್ಕೆ?

ಕಣದ ಕಾವಲು (ಸೋಮವಾರಪೇಟೆ):

ಮಾನ್ಯ ಸದಸ್ಯರಿಗೆ ನಮಸ್ಕಾರ. ಅರೇಬಿಕಾ ಕುಯ್ಲು ನಡೆಯುತ್ತಿದ್ದು ಕಾಫಿ ಕಣದಲ್ಲಿ ಹರಡಿರುವ ಈ ದಿನಗಳಲ್ಲಿ, ಹವಾಮಾನ ಮುನ್ಸೂಚನೆಯನ್ನು ನಾನು ಜಮೀನಿನ ಕ್ರಯಪತ್ರ ಓದುವಷ್ಟು ಎಚ್ಚರಿಕೆಯಿಂದ ಓದುತ್ತೇನೆ. ‘ಜಿಲ್ಲೆಯ ಒಂದೆರಡು ಕಡೆ ಗುಡುಗು ಸಹಿತ ಹಗುರ ಮಳೆಯಾಗುವ ಸಂಭವವಿದೆ’ ಎಂದು ಅದರಲ್ಲಿ ಬರೆದಿತ್ತು. ಮಧ್ಯಾಹ್ನ ಮಾದಾಪುರದಲ್ಲಿ ಮಳೆ ಬಿದ್ದಿತೆಂದು ನಮ್ಮ ಭಾವನವರು ಫೋನಿನಲ್ಲಿ ತಿಳಿಸಿದರು. ಸ್ವಲ್ಪ ಹೊತ್ತಿಗೆ ಶನಿವಾರಸಂತೆಯಲ್ಲೂ ಬಿದ್ದ ಸುದ್ದಿ ಬಂದಿತು. ಒಂದು ಕಡೆ ಆಯಿತು, ಎರಡು ಕಡೆ ಆಯಿತು, ಅಲ್ಲಿಗೆ ಕೊಡಗು ಜಿಲ್ಲೆಗೆ ಮಂಜೂರಾದ ಮಳೆ ಮುಗಿಯಿತೆಂದು ತೀರ್ಮಾನಿಸಿ ಟಾರ್ಪಾಲನ್ನು ಮಡಚಿ ಒಳಗಿಡಿಸಿದೆ. ಸಂಜೆಗೆ ನಮ್ಮ ಕಣದ ಮೇಲೆಯೇ ಮಳೆ ಬಿತ್ತು. ಗುಡುಗು ಸಹಿತ ಎಂದಿದ್ದರೂ ಬಂದದ್ದು ಗುಡುಗು ರಹಿತ ಮಳೆ.

ಈ ಮೂರನೆಯ ಕಡೆಯ ಮಳೆ ಮುನ್ಸೂಚನೆಯ ವ್ಯಾಪ್ತಿಗೆ ಬರುತ್ತದೆಯೇ, ಬಾರದಿದ್ದರೆ ನೆನೆದ ಕಾಫಿಯನ್ನು ನೆನೆಯದ ಕಾಫಿ ಎಂದು ಪರಿಗಣಿಸಲು ಅವಕಾಶವಿದೆಯೇ, ಬಾಕಿ ಉಳಿದಿರುವ ಗುಡುಗನ್ನು ಯಾವ ಕಚೇರಿಯಲ್ಲಿ ಕೇಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮಳೆಮಾಪಕ (ವಿರಾಜಪೇಟೆ):

ತಮ್ಮ ಲೆಕ್ಕದ ಶಿಸ್ತನ್ನು ಮೆಚ್ಚಿದೆ. ಆದರೆ ತಾವು ಊರುಗಳನ್ನು ಎಣಿಸಿದ್ದೀರಿ, ಭಾರತ ಹವಾಮಾನ ಇಲಾಖೆ ಎಣಿಸುವುದು ಮಳೆಮಾಪನ ಕೇಂದ್ರಗಳನ್ನು. ಒಂದು ಪ್ರದೇಶದ ಕೇಂದ್ರಗಳಲ್ಲಿ ಶೇ. 25ರವರೆಗೆ ಮಳೆ ದಾಖಲಾದರೆ ಅದು ‘ಒಂದೆರಡು ಕಡೆ’, ಶೇ. 26ರಿಂದ 50 ಆದರೆ ‘ಕೆಲವು ಕಡೆ’, ಶೇ. 51ರಿಂದ 75 ಆದರೆ ‘ಹಲವು ಕಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಎಲ್ಲ ಕಡೆ’. ಹೀಗಾಗಿ ನೂರು ಕೇಂದ್ರಗಳಿರುವ ಪ್ರದೇಶದಲ್ಲಿ ಇಪ್ಪತ್ತೈದು ಕಡೆ ಮಳೆ ಬಿದ್ದರೂ ‘ಒಂದೆರಡು’ ಎಂಬ ಮಾತಿಗೆ ಭಂಗ ಬರುವುದಿಲ್ಲ. ತಮ್ಮ ಮೂರನೆಯ ಮಳೆ ಸಂಪೂರ್ಣ ಅಧಿಕೃತವಾದದ್ದು.

‘ಸಂಭವವಿದೆ’ ಎಂಬುದು ಇನ್ನೂ ಸ್ವಾರಸ್ಯಕರವಾಗಿದೆ. ಇಲಾಖೆಯ ಪಟ್ಟಿಯ ಪ್ರಕಾರ ಬರಿಯ ಸಂಭವ ಎಂದರೆ ಶೇ. 25ರಿಂದ 50ರಷ್ಟು ಸಾಧ್ಯತೆ. ಹೆಚ್ಚಿನ ಸಂಭವ ಎಂದರೆ 50ರಿಂದ 75. ಅಂದರೆ ‘ಮಳೆಯಾಗುವ ಸಂಭವವಿದೆ’ ಎಂದು ಹೇಳಿದ ದಿನ ಮಳೆಯಾಗದಿರುವ ಸಂಭವವೇ ಮಳೆಯಾಗುವುದಕ್ಕಿಂತ ಹೆಚ್ಚು, ಕಡಿಮೆಯೆಂದರೆ ಸಮ. ಇನ್ನು ಗರಿಷ್ಠ ಶೇ. 50ರ ಸಾಧ್ಯತೆಯನ್ನು ಗರಿಷ್ಠ ಶೇ. 25ರ ವ್ಯಾಪ್ತಿಯಿಂದ ಗುಣಿಸಿದರೆ, ಸ್ಥೂಲವಾಗಿ, ತಮ್ಮ ಕಣಕ್ಕೆ ಬರುವ ಪಾಲು ಎಂಟರಲ್ಲಿ ಒಂದು. ಪದಗಳನ್ನು ಪದಗಳಾಗಿಯೇ ಪಾಲಿಸಬೇಕೆಂಬುದು ತಮ್ಮ ಸಂಕಲ್ಪವಾಗಿದ್ದರೆ ಕಣದ ಎಂಟನೆಯ ಒಂದು ಭಾಗಕ್ಕೆ ಮಾತ್ರ ಟಾರ್ಪಾಲು ಹೊದಿಸಿ, ಉಳಿದದ್ದನ್ನು ಬಿಸಿಲಿಗೆ ಬಿಡುವುದು ಶಾಸ್ತ್ರಸಮ್ಮತ.

ಕಣದ ಕಾವಲು:

ಅತ್ಯಂತ ಉಪಕಾರವಾಯಿತು. ಎಂಟನೆಯ ಭಾಗ ಯಾವ ಮೂಲೆಯದ್ದು ಎಂಬುದು ಮಾತ್ರ ಪಟ್ಟಿಯಲ್ಲಿ ಇದ್ದಂತಿಲ್ಲ. ‘ಹಗುರ’ ಎಂಬುದನ್ನು ತೂಗಿದವರು ಯಾರು ಎಂಬುದನ್ನೂ ತಿಳಿಸಿದರೆ ನಮ್ಮ ತೋಟದ ಲೆಕ್ಕ ಬರೆಯುವ ರೈಟರಿಗೆ ಓದಿ ಹೇಳುತ್ತೇನೆ. ಟಾರ್ಪಾಲು ಮಡಚಿದ ದಿನದಿಂದ ಅವರು ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ.

ಮಳೆಮಾಪಕ:

ತೂಗಿದ್ದಾರೆ. ದಿನಕ್ಕೆ 0.1ರಿಂದ 2.4 ಮಿಲಿಮೀಟರ್ ‘ಅತಿ ಹಗುರ’, 2.5ರಿಂದ 15.5 ‘ಹಗುರ’, 15.6ರಿಂದ 64.4 ‘ಸಾಧಾರಣ’. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ತಮ್ಮ ಕಣ ನೂರು ಚದರ ಮೀಟರ್ ಇದೆಯೆಂದಿಟ್ಟುಕೊಂಡರೆ, 2.4 ಮಿಲಿಮೀಟರಿನ ಅತಿ ಹಗುರ ಮಳೆ ಅದರ ಮೇಲೆ ಸುರಿಯುವುದು 240 ಲೀಟರ್, ಅಂದರೆ 240 ಕಿಲೋಗ್ರಾಂ. ಮಳೆಯ ದಿನ ಎನಿಸಿಕೊಳ್ಳಲು 2.5 ಮಿಲಿಮೀಟರಾದರೂ ಬೀಳಬೇಕೆಂಬುದು ಇಲಾಖೆಯ ನಿಯಮವಾದ್ದರಿಂದ, ಅಷ್ಟು ನೀರು ಬಿದ್ದ ಮೇಲೂ ಆ ದಿನ ದಾಖಲೆಯಲ್ಲಿ ಮಳೆಯ ದಿನವಲ್ಲ. ನೆನೆದ ಕಾಫಿಯನ್ನು ನೆನೆಯದ ಕಾಫಿ ಎಂದು ವಾದಿಸಲು ತಮಗೆ ಇದೊಂದು ದಾರಿ ಇದೆ.

ಕಕ್ಕಡ (ಭಾಗಮಂಡಲ):

ಮಿಲಿಮೀಟರುಗಳ ಈ ಚರ್ಚೆಯನ್ನು ಇಲ್ಲಿ ಕುಳಿತು ಓದುವುದೇ ಒಂದು ವಿನೋದ. ನಮ್ಮ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿಯೇ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಆ ಪ್ರಕಾರ ಇಲಾಖೆಯ ‘ಮಳೆಯ ದಿನ’ಕ್ಕೆ ಬೇಕಾದದ್ದು ಹತ್ತು ಸೆಂಟು. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾಕ್ಕೆ ಹೂಮಳೆ ಎಂದು ಹತ್ತು ಸೆಂಟು ಬಿದ್ದರೆ ತೋಟದವರು ಅದನ್ನು ಮಳೆ ಎನ್ನುವುದಿಲ್ಲ, ಅವಮಾನ ಎನ್ನುತ್ತಾರೆ. ಹೂವರಳಲು ಒಂದು ಇಂಚಾದರೂ ಬೇಕು. ‘ಭಾರಿ ಮಳೆ’ಯ ಆರಂಭ 64.5 ಮಿಲಿಮೀಟರ್, ಎಂದರೆ ಎರಡೂವರೆ ಇಂಚಿನ ಸುಮಾರು. ಜುಲೈ, ಆಗಸ್ಟಿನ ಕಕ್ಕಡ ತಿಂಗಳಲ್ಲಿ ಎರಡೂವರೆ ಇಂಚು ಬಿದ್ದ ದಿನ ನಮ್ಮಲ್ಲಿ ‘ಇವತ್ತು ಸ್ವಲ್ಪ ಹೊಳವು’ ಎಂದು ಬಟ್ಟೆಯನ್ನು ಜಗಲಿಗೆ ತರುವವರಿದ್ದಾರೆ. ಇದೇ ಪದವನ್ನು ಮಳೆ ಕಡಿಮೆಯಿರುವ ಕುಶಾಲನಗರದವರಿಗೂ ನಮಗೂ ಒಟ್ಟಿಗೆ ಓದಿ ಹೇಳುತ್ತಾರೆ. ಅದಿರಲಿ, ಹವಾಮಾನ ಇಲಾಖೆಯ ವಿಭಾಗಗಳಲ್ಲಿ ಕೊಡಗು ಸೇರಿರುವುದು ‘ದಕ್ಷಿಣ ಒಳನಾಡಿ’ಗೆ. ‘ದಕ್ಷಿಣ ಒಳನಾಡಿನಲ್ಲಿ ಮಳೆಯ ಕೊರತೆ’ ಎಂಬ ಸಾಲನ್ನು, ನಮ್ಮೂರಿನ ಕಾವೇರಿ ಸಂಗಮದ ನೀರು ನಾಪೋಕ್ಲು ರಸ್ತೆಯನ್ನು ಮುಚ್ಚಿರುವಾಗ ಓದುವ ಭಾಗ್ಯ ನಮ್ಮದು.

ಒಂದು ಮಾತನ್ನು ಗಂಭೀರವಾಗಿಯೇ ಹೇಳುತ್ತೇನೆ: ಆರೆಂಜ್ ಎಂದರೆ ಸಿದ್ಧರಾಗಿ, ರೆಡ್ ಎಂದರೆ ಕ್ರಮ ಕೈಗೊಳ್ಳಿ ಎಂಬ ಎಚ್ಚರಿಕೆಗಳು ಈ ತಮಾಷೆಯ ಪಟ್ಟಿಯಲ್ಲಿಲ್ಲ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟನ್ನು ಕಂಡವರು ಅವುಗಳನ್ನು ಅಕ್ಷರಶಃ ಓದುತ್ತಾರೆ, ಓದಲೇಬೇಕು.

ಮಂಜಿನ ಮನೆ (ಮಡಿಕೇರಿ):

ನಮ್ಮ ಊರಿನಲ್ಲಿ ‘ಆರ್ದ್ರತೆ ಶೇ. 100’ ಎಂದು ಪ್ರಕಟವಾದ ದಿನ, ಗಾಳಿಯೆಲ್ಲ ನೀರೇ ಆದ ಮೇಲೆ ಉಸಿರಾಡುತ್ತಿರುವುದು ಏನನ್ನು ಎಂದು ಮೈಸೂರಿನ ನೆಂಟರೊಬ್ಬರು ಕೇಳಿದರು. ಆ ತಾಪಮಾನದಲ್ಲಿ ಗಾಳಿಯಲ್ಲಿ ಎಷ್ಟು ಆವಿ ಇರಲು ಸಾಧ್ಯವೋ ಅಷ್ಟೂ ಇದೆ ಎಂಬುದು ಅದರ ಅರ್ಥ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಅದು ಸುಮಾರು 17 ಗ್ರಾಂ. ಲೆಕ್ಕ ಕೇಳಿ ಅವರಿಗೆ ಸಮಾಧಾನವಾಯಿತು. ಒಗೆದ ಬಟ್ಟೆಗೆ ಆಗಲಿಲ್ಲ.

ಮಳೆಮಾಪಕ:

ಮೂಲ ಪ್ರಶ್ನೆಗೆ ಒಂದು ಅಂಶವನ್ನು ಸೇರಿಸಬೇಕಾಗಿದೆ. ಇಲಾಖೆಯ ಮಳೆಯ ದಿನ ನಡುರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ; ಅಲ್ಲಿಯವರೆಗಿನ 24 ಗಂಟೆಗಳಲ್ಲಿ ಬಿದ್ದದ್ದನ್ನು ಅಳೆದು ಆ ಬೆಳಗಿನ ತಾರೀಖಿಗೆ ಬರೆಯುತ್ತಾರೆ. ಸಂಜೆ ತಮ್ಮ ಕಾಫಿಯನ್ನು ನೆನೆಸಿದ ಮಳೆ ದಾಖಲೆಯ ಪ್ರಕಾರ ಬಿದ್ದದ್ದು ಮರುದಿನ. ಆದ್ದರಿಂದ ಟಾರ್ಪಾಲು ಮಡಚಿದ ದಿನ ಸಂಜೆ ಮಳೆಯೇ ಇರಲಿಲ್ಲವೆಂದು ತಾವು ರೈಟರಿಗೆ ದಾಖಲೆ ಸಮೇತ ತೋರಿಸಬಹುದು.