ಸೀನನ ಟಾರ್ಚು

ಜೂನ್ ತಿಂಗಳಲ್ಲಿ ನಾವು ಹಿಮಾಚಲಕ್ಕೆ ಹೋದದ್ದು ತಂಪು ಗಾಳಿಗೆ. ಸಿಕ್ಕಿದ್ದು ದುಂಬಿ.

ಶಿಮ್ಲಾ ಜಿಲ್ಲೆಯ ಕೋಟ್‌ಗಢದಲ್ಲಿ ಒಂದು ತೋಟದ ಮನೆಯಲ್ಲಿ ಇಳಿದಿದ್ದೆವು. 1916ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್ ತಮ್ಮ ದೇಶದ ಸೇಬಿನ ತಳಿ ತಂದು ನೆಟ್ಟ ಸೀಮೆ ಅದು. ಸೀನ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದ.

"ನೀರುದೋಸೆಗೂ ಇಷ್ಟು ತೂತು ಇರಲ್ಲ ಕಣ್ರೋ!"

"ದುಂಬಿ ಕೆಲಸ," ಅಂದ ಶಿರಸಿಯ ಭಟ್ಟ. "ಮಳೆ ಬಿದ್ದ ಮೇಲೆ ಮಣ್ಣಿಂದ ಏಳ್ತವೆ. ರಾತ್ರಿಯಿಡೀ ಊಟ, ಹಗಲು ಮಣ್ಣೊಳಗೆ ನಿದ್ದೆ."

"ಥೇಟ್ ನಮ್ಮ ಹಾಸ್ಟೆಲ್! ಆದ್ರೆ ನಿನಗೆ ಹೇಗೆ ಗೊತ್ತು? ನಿಮ್ಮಲ್ಲಿ ಸೇಬು ಎಲ್ಲಿದೆ?"

"ಅಡಿಕೆಗೆ ಬೇರುಹುಳ ಬರ್ತದಲ್ಲ ಮಾರಾಯ, ಅದರ ದಾಯಾದಿ ಇದು. ಅಲ್ಲಿ ಮರಿಹುಳ ಬೇರು ತಿಂತದೆ. ಇಲ್ಲಿ ಬೆಳೆದು ನಿಂತವು ಎಲೆಗೇ ಬಾಯಿ ಹಾಕ್ತವೆ."

"ತಿನ್ನಲಿ ಬಿಡು. ನಾವು ತಿನ್ನೋದು ಹಣ್ಣು ತಾನೇ?"

"ಒಂದು ಹಣ್ಣು ಬಲಿಯಬೇಕಾದರೆ 30–40 ಎಲೆ ದುಡಿಯಬೇಕು."

ಸೀನ ಎಲೆ ಎಣಿಸಲು ಶುರು ಮಾಡಿದ. ನಾವೇ ತಡೆದೆವು.

"ಹಾಗಾದ್ರೆ ವಾರಕ್ಕೊಂದು ಸಲ ಔಷಧಿ ಹೊಡೆದುಬಿಡಲಿ."

"ಹೊಡೆದರೆ ನುಸಿ ತಿನ್ನುವ ಒಳ್ಳೆ ಹುಳಗಳೂ ಸಾಯ್ತವೆ. ಆಮೇಲೆ ಕೆಂಪು ನುಸಿ ಹೆಚ್ಚಿ, ರಸ ಹೀರಿ, ಎಲೆಯೆಲ್ಲ ತಾಮ್ರದ ಬಣ್ಣ. ಅದಕ್ಕೆ ಬೇರೆ ಔಷಧಿ."

"ಬೆಕ್ಕು ಓಡಿಸಿ ಇಲಿ ಪಾಷಾಣ ತಂದ ಹಾಗೆ," ಅಂದೆ ನಾನು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ನನ್ನ ಒಳ್ಳೆ ಮಾತುಗಳ ಗತಿ ಯಾವಾಗಲೂ ಇಷ್ಟೇ.

ಕತ್ತಲಾಯಿತು. ಯಜಮಾನರು ಬಕೆಟ್ ನೀರಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದರು. ಮರದಡಿ ದುಪ್ಪಟಿ ಹಾಸಿ ಕೊಂಬೆ ಅಲ್ಲಾಡಿಸಿದರು. ಕಂದು ದುಂಬಿಗಳು ಟಪಟಪ ಉದುರಿದವು. ದುಪ್ಪಟಿ ಮಡಚಿ ಬಕೆಟ್ಟಿಗೆ ಕೊಡವಿದರು. ಭಟ್ಟನ ಮುಖ ಅರಳಿತು. ಅವರ ಊರಲ್ಲೂ ಮುಂಗಾರು ಹಿಡಿದಾಗ ಮುಸ್ಸಂಜೆಗೆ ಮನೆಮಂದಿಯೆಲ್ಲ ದುಂಬಿ ಹಿಡಿಯುತ್ತಾರಂತೆ. ಯಜಮಾನರಿಗೆ ಕನ್ನಡ ಬರದು, ಭಟ್ಟನ ಹಿಂದಿ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಬಕೆಟ್ಟಿಗೆ ತಲೆಬಾಗಿ, ಸಂಬಂಧ ಕುದುರಿಸುವವರ ಹಾಗೆ ಅರ್ಧ ಗಂಟೆ ಮಾತಾಡಿದರು.

ಸೀನ ಸುಮ್ನೆ ಇರಬಾರದಿತ್ತೇ? ಮೊಬೈಲ್ ಟಾರ್ಚು ಹಚ್ಚಿ ವಿಡಿಯೊ ಮಾಡಲು ನಿಂತ. ಅಕ್ಕಪಕ್ಕದ ಮರದ ದುಂಬಿಗಳು ನೆಟ್ಟಗೆ ಅವನ ಮುಖಕ್ಕೇ ಬಂದವು.

"ಅಯ್ಯೋ, ಅಂಗಿಯೊಳಗೆ ಹೋಯ್ತು!"

ಟಾರ್ಚು ಆರಿಸಲು ಹೋದವನ ಕೈಯನ್ನು ಯಜಮಾನರು ಹಿಡಿದುಕೊಂಡರು. ಬಕೆಟ್ ತಂದು ಅವನ ಕಾಲ ಬುಡದಲ್ಲಿಟ್ಟು, ಹಾಗೇ ನಿಂತಿರಿ ಎಂದು ಸನ್ನೆ ಮಾಡಿದರು.

"ಬೆಳಕಿನ ಬಲೆಗೆ ಜನ ದುಡ್ಡು ಕೊಡ್ತಾರೆ ಮಾರಾಯ," ಅಂದ ಭಟ್ಟ. "ನೀನು ಪುಕ್ಕಟೆ ಸಿಕ್ಕಿದೆ. ಚಾರ್ಜ್ ಎಷ್ಟಿದೆ?"