ಹಳೆ ಸ್ವಿಫ್ಟ್‌ಗೆ ಟರ್ಬೊ ಹಾಕಿದೆ: ನಿಂತಾಗ ನೀಲಿ ಹೊಗೆ, ಮೂರನೇ ಗೇರ್‌ನಲ್ಲಿ ಕಟಕಟ ಸದ್ದು

ಬಳ್ಳಾರಿಯಿಂದ:
ಅಣ್ಣಾ, 2007ರ ಪೆಟ್ರೋಲ್ ಸ್ವಿಫ್ಟ್, 1.3 ಇಂಜಿನ್. ಇಂಜಿನ್‌ಗೆ ಗಾಳಿ ಒತ್ತಿ ತುಂಬಲಿ ಅಂತ ಗುಜರಿಯಲ್ಲಿ ಸಿಕ್ಕ ಡೀಸೆಲ್ ಸ್ವಿಫ್ಟ್‌ನ ಟರ್ಬೊ ಕೂರಿಸಿದ್ದೇನೆ. ಇಂಜಿನ್ ಹೊಗೆಯನ್ನು ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡ್ ಇಲ್ಲೇ ಲೇತ್ ಅಂಗಡಿಯಲ್ಲಿ ಮಾಡಿಸಿದ್ದು. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಇಲ್ಲ, ದುಡ್ಡು ಸಾಲಲಿಲ್ಲ. ಬೂಸ್ಟ್, ಅಂದರೆ ಟರ್ಬೊ ಕೊಡುವ ಹೆಚ್ಚುವರಿ ಗಾಳಿ ಒತ್ತಡ, 0.5 ಬಾರ್ ಬರುತ್ತದೆ. ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಹಿಂದೆ ನೀಲಿ ಹೊಗೆ. ಕುಡತಿನಿ ಕಡೆ ಅದಿರು ಲಾರಿ ಓವರ್‌ಟೇಕ್ ಮಾಡಲು ಮೂರನೇ ಗೇರ್‌ನಲ್ಲಿ ಒತ್ತಿದರೆ ಡಬ್ಬಿಯೊಳಗೆ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಜಾಸ್ತಿ. ಮೆಕ್ಯಾನಿಕ್ ಟರ್ಬೊ ಸೀಲ್ ಹೋಗಿದೆ, ಬೇರೆ ತನ್ನಿ ಅಂತಾರೆ. ತರಲಾ?

ಸಿಂಧನೂರಿನಿಂದ:
ಈಗಲೇ ತರಬೇಡ ತಮ್ಮಾ. ಮೊದಲು ಗಾಡಿ ಒತ್ತಿ ಓಡಿಸುವುದು ನಿಲ್ಲಿಸು. ಆ ಸದ್ದು ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಸಿಡಿಯುವುದು. ಹಾಗೇ ಬಿಟ್ಟರೆ ಪಿಸ್ಟನ್ ಒಡೆಯುತ್ತದೆ. ಹೊಗೆಯನ್ನು ಟರ್ಬೊ ಚಕ್ರಕ್ಕೆ ತಾಗಿಸದೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಬಾಗಿಲನ್ನು ಪೂರ್ತಿ ತೆರೆದು ತಂತಿ ಕಟ್ಟಿಬಿಡು, ಬೂಸ್ಟ್ ಹೆಚ್ಚು ಏರುವುದಿಲ್ಲ.

ಹೊಗೆ ವಿಷಯ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಟರ್ಬೊ ಸೀಲ್ ಅಂದರೆ ರಬ್ಬರ್ ಅಲ್ಲ, ಪಿಸ್ಟನ್ ರಿಂಗ್ ತರಹದ ಸಣ್ಣ ಉಂಗುರ. ಆಯಿಲ್ ಸರಾಗವಾಗಿ ಕೆಳಗೆ ಇಳಿಯುತ್ತಿದ್ದರೆ ಮಾತ್ರ ಅದು ತಡೆಯುತ್ತದೆ. ಬೇರಿಂಗ್ ದಾಟಿದ ಆಯಿಲ್‌ಗೆ ಒತ್ತಡವೇ ಇರುವುದಿಲ್ಲ, ನೊರೆ ನೊರೆಯಾಗಿ ತನ್ನ ಭಾರಕ್ಕೆ ಬೀಳಬೇಕು ಅಷ್ಟೇ. ರಿಟರ್ನ್ ಪೈಪ್ ಸಣ್ಣದಿದ್ದರೆ, ಎಲ್ಲಾದರೂ ಜೋತುಬಿದ್ದಿದ್ದರೆ, ಇಂಜಿನ್ ತಳದ ಆಯಿಲ್ ಚೇಂಬರ್‌ನಲ್ಲಿ ಆಯಿಲ್ ಮಟ್ಟದ ಕೆಳಗೆ ಸೇರಿಸಿದ್ದರೆ, ಹೊಸ ಟರ್ಬೊ ತಂದರೂ ಇದೇ ಹೊಗೆ. ಆ ಪೈಪ್‌ನ ಒಳ ಅಳತೆ 16ರಿಂದ 19 ಮಿ.ಮೀ. ಇರಲಿ. ಇಂಜಿನ್ ಉಸಿರಾಡುವ ಪೈಪ್, ಗಾಳಿ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೇ ಹೋಗಿದೆಯಾ ನೋಡು. ಮಧ್ಯೆ ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಇಲ್ಲದಿದ್ದರೆ ಬೂಸ್ಟ್ ವಾಪಸ್ ಇಂಜಿನ್ ಹೊಟ್ಟೆಗೇ ನುಗ್ಗುತ್ತದೆ, ಆಗಲೂ ಆಯಿಲ್ ಇಳಿಯುವುದಿಲ್ಲ.

ಬಳ್ಳಾರಿಯಿಂದ:
ಅಣ್ಣಾ, ಬಿಚ್ಚಿದೆ! ಟರ್ಬೊ ಕೆಳಗಿನ ಫ್ಲಾಂಜ್‌ನಲ್ಲಿ ಕೆಂಪು ಸಿಲಿಕಾನ್ ಪೇಸ್ಟ್ ಒಳಕ್ಕೆ ಉಬ್ಬಿ, ಒಣಗಿ ನಾಲಿಗೆ ತರಹ ಜೋತಾಡುತ್ತಿತ್ತು. ಅರ್ಧ ತೂತು ಮುಚ್ಚಿತ್ತು. ಪೈಪ್ ಕೂಡ ಮಧ್ಯದಲ್ಲಿ ಬಗ್ಗಿತ್ತು, ಕೆಳಗಿಟ್ಟ ಮಗ್‌ಗೆ ಅಲ್ಲಿಂದಲೇ ಅರ್ಧ ಲೋಟ ಆಯಿಲ್ ಬಿತ್ತು. ಪೇಸ್ಟ್ ಕೆರೆದು, ಪೇಪರ್ ಗ್ಯಾಸ್ಕೆಟ್ ಹಾಕಿ, ಪೈಪ್ ನೇರ ಮಾಡಿದೆ. ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟೆ, ಹೊಗೆ ಇಲ್ಲ. ಇನ್ನು ಸದ್ದಿಗೆ ಏನು ಮಾಡಲಿ?

ಸಿಂಧನೂರಿನಿಂದ:
ಭಲೇ! ಟರ್ಬೊ ದುಡ್ಡು ಉಳಿಯಿತು, ಅದನ್ನು ಇಂಟರ್‌ಕೂಲರ್‌ಗೆ ಹಾಕು. ನಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ. ಅದನ್ನು 0.5 ಬಾರ್‌ಗೆ ಒತ್ತಿದರೆ ಇಂಥ ಟರ್ಬೊದಿಂದ ಹೊರಬರುವಾಗ 100 ಡಿಗ್ರಿ ಹತ್ತಿರ ಇರುತ್ತದೆ. ಮಧ್ಯಾಹ್ನ ಸದ್ದು ಜಾಸ್ತಿ ಅಂದೆಯಲ್ಲ, ಅದಕ್ಕೇ.

ಆದರೆ ನನಗೆ ಹೆಚ್ಚು ಭಯ ಪೆಟ್ರೋಲ್ ಬಗ್ಗೆ. ಕಂಪನಿ ಕೊಟ್ಟ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡದವರೆಗೆ ಅಳೆಯಲು ಮಾಡಿದ್ದು. ಬೂಸ್ಟ್ ಬಂದದ್ದು ಇಸಿಯುಗೆ, ಅಂದರೆ ಇಂಜಿನ್ ಕಂಪ್ಯೂಟರ್‌ಗೆ, ಗೊತ್ತೇ ಆಗುವುದಿಲ್ಲ. ಗಾಳಿಯ ಒತ್ತಡ ಒಂದೂವರೆ ಪಟ್ಟು, ಪೆಟ್ರೋಲ್ ಮೊದಲಿನಷ್ಟೇ, ಸ್ಪಾರ್ಕ್ ಕೂಡ ಹಳೇ ಟೈಮಿಂಗ್‌ನಲ್ಲೇ. ಅದಕ್ಕೆ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಕಂಪನಿ ಇಸಿಯು ಜೊತೆಗೆ ಸೇರಿಸುವ ಪಿಗ್ಗಿಬ್ಯಾಕ್ ಇಸಿಯು, ಹೊಗೆ ನೋಡಿ ಗಾಳಿ-ಪೆಟ್ರೋಲ್ ಅಳತೆ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಮೂರೂ ಬೇಕು, ಇದರಲ್ಲಿ ಉಳಿಸಲು ಹೋಗಬೇಡ. ಬೂಸ್ಟ್‌ನಲ್ಲಿ ಆ ಅಳತೆ, ಅಂದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ ಅನ್ನುವುದು, 11.5ರಿಂದ 12ರ ಒಳಗೆ ಇರಲಿ. ಸ್ಪಾರ್ಕ್ ಪ್ಲಗ್ ಒಂದು ಹೆಜ್ಜೆ ಕೋಲ್ಡ್ (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು) ಹಾಕು, ಗ್ಯಾಪ್ 0.7 ಮಿ.ಮೀ. ಸಾಕು.

ಡೀಸೆಲ್ ಟರ್ಬೊ ಹಾಕಿದ್ದೀಯ, ಅದೂ ನೆನಪಿರಲಿ. ಪೆಟ್ರೋಲ್ ಇಂಜಿನ್ ಹೊಗೆ ಡೀಸೆಲ್‌ಗಿಂತ ತುಂಬಾ ಬಿಸಿ, ಆರ್‌ಪಿಎಂ ಕೂಡ ಜಾಸ್ತಿ. ಆ ಪುಟ್ಟ ಟರ್ಬೊ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ. 5000 ದಾಟಿಸಬೇಡ, 0.4 ಬಾರ್‌ಗೆ ತೃಪ್ತಿಪಡು. ಏರ್ ಫಿಲ್ಟರ್ ತೆಗೆದು ಓಪನ್ ಜಾಲರಿ ಹಾಕಿದ್ದರೆ ಇವತ್ತೇ ಬದಲಿಸು, ಆ ರಸ್ತೆಯ ಕೆಂಪು ಧೂಳು ಕಂಪ್ರೆಸರ್ ರೆಕ್ಕೆಯ ಅಂಚನ್ನು ಸವೆಸಿಬಿಡುತ್ತದೆ.

ಮತ್ತೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಹೀಗೆ ಬದಲಿಸುವುದಕ್ಕೆ ನಿರ್ಬಂಧ ಇದೆ, ಅಪಘಾತವಾದರೆ ಇನ್ಶೂರೆನ್ಸ್ ಕ್ಲೇಮ್‌ಗೂ ತೊಂದರೆ. ತಿಳಿದೇ ಮುಂದುವರಿ.

ಎಲ್ಲಕ್ಕಿಂತ ಮೊದಲು ಸಿಲಿಂಡರ್ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸು. ಇಷ್ಟು ದಿನ ನಾಕ್ ಆಗಿದೆ, ಒಳಗೆ ಏನಾಗಿದೆ ಗೊತ್ತಾಗಬೇಕಲ್ವಾ?

ಬಳ್ಳಾರಿಯಿಂದ:
ಇವತ್ತು ಮಾಡಿಸಿದೆ ಅಣ್ಣಾ. ನಾಲ್ಕೂ ಸಿಲಿಂಡರ್ 165ರಿಂದ 172 ಪಿಎಸ್‌ಐ ಒಳಗಿವೆ, ಹೆಚ್ಚು ವ್ಯತ್ಯಾಸ ಇಲ್ಲ. ವೇಸ್ಟ್‌ಗೇಟ್‌ಗೆ ತಂತಿ ಕಟ್ಟಿದ್ದೇನೆ. ಇಂಜೆಕ್ಟರ್, ಇಸಿಯು ಬರುವವರೆಗೆ ಬಿಚ್ಚುವುದಿಲ್ಲ.