ವಯಸ್ಕರ ಎಡಿಎಚ್‌ಡಿ: ತಪಾಸಣೆಗೆ ಹೋಗುವಾಗ ಏನೇನು ಒಯ್ಯಬೇಕು? ಬ್ರೈನ್ ಮ್ಯಾಪಿಂಗ್ ಬೇಕಾ?

ತುಂಗಾತೀರ:
ತಂಗಿಗೆ 29 ವರ್ಷ, ಶಿವಮೊಗ್ಗದಲ್ಲಿ ಅಕೌಂಟ್ಸ್ ಕೆಲಸ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆಯ ತೊಂದರೆ) ಇರಬಹುದಾ ಅಂತ ನೋಡೋ ಎಎಸ್‌ಆರ್‌ಎಸ್ ಪ್ರಶ್ನಾವಳಿಯ ಮೊದಲ ಆರು ಪ್ರಶ್ನೆಗಳಲ್ಲಿ ಐದಕ್ಕೆ ಬಣ್ಣದ ಚೌಕದಲ್ಲೇ, ಅಂದರೆ ಅನುಮಾನ ಸೂಚಿಸುವ ಕಡೆಯೇ, ಉತ್ತರ ಬಂದಿದೆ. ಆತಂಕಕ್ಕೆ ಎಂಟು ತಿಂಗಳಿಂದ ಎಸಿಟಲೋಪ್ರಾಮ್ 10 ಮಿ.ಗ್ರಾಂ. ತಗೊಳ್ತಿದ್ದಾಳೆ. ಗಾಬರಿ ಇಳಿದಿದೆ, ಆದರೆ ಮರೆವು, ಕೆಲಸ ಅರ್ಧಕ್ಕೆ ಬಿಡೋದು ಹಾಗೇ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ. 88 ಬಂದಿದ್ದರಿಂದ ಎಡಿಎಚ್‌ಡಿ ಇರೋಕೆ ಸಾಧ್ಯವೇ ಇಲ್ಲ ಅಂತ ಒಂದು ಕಡೆ ಹೇಳಿದರು. ಇನ್ನೊಂದು ಕಡೆ ಮೊದಲು ಬ್ರೈನ್ ಮ್ಯಾಪಿಂಗ್ (ಮಿದುಳಿನ ವಿದ್ಯುತ್ ಚಟುವಟಿಕೆ ಅಳೆಯೋ ಪರೀಕ್ಷೆ) ಮಾಡಿಸಿ ಅಂದರು. ಬೆಂಗಳೂರಿಗೆ ಹೋಗುವುದಾದರೆ ಏನು ತಯಾರಿ ಬೇಕು? ಮಾತ್ರೆ ಇಲ್ಲೇ ಸಿಗುತ್ತಾ?

ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು:
ಬ್ರೈನ್ ಮ್ಯಾಪಿಂಗ್‌ಗೆ ದುಡ್ಡು ಹಾಕಬೇಡಿ. ಎಡಿಎಚ್‌ಡಿ ಇದೆ ಅಥವಾ ಇಲ್ಲ ಅಂತ ತೀರ್ಮಾನಿಸೋ ಸ್ಕ್ಯಾನ್ ಆಗಲಿ, ರಕ್ತಪರೀಕ್ಷೆ ಆಗಲಿ ಇಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ ಮಾಡೋ ಗಮನದ ಪರೀಕ್ಷೆ ಕೂಡ ಒಂದು ಪೂರಕ ಮಾಹಿತಿ ಅಷ್ಟೆ. ಹೊಸ ಜಾಗ, ಎದುರಿಗೊಬ್ಬರು, ಇಪ್ಪತ್ತು ನಿಮಿಷದ ಕೆಲಸ ಅಂದಾಗ ಎಡಿಎಚ್‌ಡಿ ಇರುವವರೂ ಎಷ್ಟೋ ಸಲ ಚೆನ್ನಾಗೇ ಮಾಡಿಬಿಡ್ತಾರೆ.

ಎಎಸ್‌ಆರ್‌ಎಸ್‌ನ ಆರರಲ್ಲಿ ನಾಲ್ಕು ಅಥವಾ ಹೆಚ್ಚು ಉತ್ತರ ಬಣ್ಣದ ಚೌಕದಲ್ಲಿದ್ದರೆ "ಮುಂದೆ ವಿಚಾರಿಸಿ" ಅಂತಷ್ಟೇ ಅರ್ಥ. ಆತಂಕ, ಖಿನ್ನತೆ, ನಿದ್ದೆಗೇಡು ಇದ್ದರೂ ಅಂಕ ಏರುತ್ತೆ. ತೀರ್ಮಾನ ಆಗೋದು ಒಂದೂವರೆ, ಎರಡು ಗಂಟೆಯ ಸಂದರ್ಶನದಲ್ಲಿ. 17 ತುಂಬಿದವರಿಗೆ ಡಿಎಸ್‌ಎಂ-5 (ಮನೋರೋಗ ಗುರುತಿಸಲು ವೈದ್ಯರು ಬಳಸುವ ಕೈಪಿಡಿ) ಪ್ರಕಾರ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಐದು, ಇಲ್ಲವೇ ಚಡಪಡಿಕೆ-ದುಡುಕಿನ ಒಂಬತ್ತರಲ್ಲಿ ಐದು ಇರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಂಡಿರಬೇಕು, ಮನೆ-ಕಚೇರಿ ಹೀಗೆ ಕನಿಷ್ಠ ಎರಡು ಕಡೆ ತೊಂದರೆ ಕೊಡುತ್ತಿರಬೇಕು.

ಎಡವಟ್ಟಾಗೋದು ಈ 12 ವರ್ಷದ ವಿಷಯದಲ್ಲೇ. ಶೇ. 88 ಬಂದಿದೆ ಅನ್ನೋದರಿಂದ ಏನೂ ಸಾಬೀತಾಗಲ್ಲ. ಅಮ್ಮ ಪಕ್ಕದಲ್ಲೇ ಕೂತು ಓದಿಸಿದ್ದು, ಟ್ಯೂಷನ್, ಪರೀಕ್ಷೆಯ ಹಿಂದಿನ ರಾತ್ರಿಯ ಭಯ, ಇವು ಅಂಕ ತಂದುಕೊಟ್ಟಿರಬಹುದು. ಹಾಸ್ಟೆಲ್ಲಿಗೋ ಕೆಲಸಕ್ಕೋ ಹೋಗಿ ಆ ಆಸರೆ ತಪ್ಪಿದ ಮೇಲೆ ತೊಂದರೆ ಎದ್ದು ಕಾಣುತ್ತೆ. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಹೆಣ್ಣುಮಕ್ಕಳನ್ನು ಶಾಲೆಯಲ್ಲಿ ಯಾರೂ ಗಮನಿಸಿರಲ್ಲ.

ಹಾಗಾಗಿ ತಾಯಿಯವರನ್ನು ಕರೆದುಕೊಂಡು ಹೋಗಿ, ಆಗದಿದ್ದರೆ ಫೋನಿನಲ್ಲಿ ಸಿಗಲಿ. "ಚಿಕ್ಕವಳಿದ್ದಾಗ ಹೇಗಿದ್ದಳು?" ಅಂದರೆ "ಚೆನ್ನಾಗೇ ಇದ್ದಳು" ಅಂತಾರೆ. ಕಾಂಪಾಸ್ ಬಾಕ್ಸು, ಕೊಡೆ ವರ್ಷಕ್ಕೆ ಎಷ್ಟು ಕಳೀತಿದ್ದಳು, ನೋಟ್ಸು ಪೂರ್ತಿ ಇರುತ್ತಿತ್ತಾ, ಅಂಗಡಿಗೆ ಮೂರು ಸಾಮಾನಿಗೆ ಕಳಿಸಿದರೆ ಎಷ್ಟು ತರುತ್ತಿದ್ದಳು ಅಂತ ಕೇಳಿ. ಪ್ರಾಥಮಿಕ ಶಾಲೆಯ ಪ್ರಗತಿ ಪತ್ರ ಸಿಕ್ಕರೆ ಅಂಕಕ್ಕಿಂತ ಮೇಷ್ಟ್ರು ಬರೆದ ಷರಾ ಮುಖ್ಯ. ಜೊತೆಗೆ ಈಚಿನ ಆರು ತಿಂಗಳ ಪಟ್ಟಿ ಮಾಡಿ: ತಪ್ಪಿದ ಗಡುವು, ಕಟ್ಟಿದ ದಂಡ, ಕಳೆದ ವಸ್ತು, ತಾರೀಖಿನ ಸಮೇತ.

ಮನೋವೈದ್ಯ, ಹುಬ್ಬಳ್ಳಿ:
ಮೇಲಿನದಕ್ಕೆ ಸೇರಿಸ್ತೇನೆ. ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೇ ನೋಡಿ. ಅವರಿಗೆ ಅನುಮಾನ ಉಳಿದರೆ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಡ್ತಾರೆ. ಟಿಎಸ್‌ಎಚ್ (ಥೈರಾಯ್ಡ್), ಹಿಮೋಗ್ಲೋಬಿನ್, ವಿಟಮಿನ್ ಬಿ12 ವರದಿ ಇಟ್ಟುಕೊಂಡಿರಿ. ಇವು ಎಡಿಎಚ್‌ಡಿ ಹಿಡಿಯೋಕಲ್ಲ, ಅದರ ಹಾಗೆ ಕಾಣುವ ಬೇರೆ ಕಾರಣ ಬಿಡಿಸೋಕೆ. ಗೊರಕೆ, ಹಗಲು ತೂಕಡಿಕೆ ಇದ್ದರೆ ಮುಚ್ಚಿಡಬೇಡಿ. ತಿಂಗಳುಗಟ್ಟಲೆ ಸರಿಯಿದ್ದು ನಡುವೆ ಕೆಲವು ವಾರ ಮಾತ್ರ ನಿದ್ದೆಯಿಲ್ಲದೆ ವಿಪರೀತ ಉತ್ಸಾಹ ಬರುತ್ತಿದ್ದರೆ ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಸರದಿಯಲ್ಲಿ ಬರೋ ಕಾಯಿಲೆ) ಬಗ್ಗೆ ಯೋಚಿಸಬೇಕಾಗುತ್ತೆ.

ಔಷಧಕ್ಕೆ ಮೊದಲು ಬಿಪಿ, ನಾಡಿ, ತೂಕ. ಹೃದಯದ ತೊಂದರೆ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ ಸಾವು ಆಗಿದ್ದರೆ ಇಸಿಜಿ. ಎಡಿಎಚ್‌ಡಿಗೆ ಕೊಡುವ ದೀರ್ಘಾವಧಿಯ ಮಿಥೈಲ್‌ಫೆನಿಡೇಟ್ ಮಾತ್ರೆ ಸಾಮಾನ್ಯವಾಗಿ ಬೆಳಿಗ್ಗೆ 18 ಮಿ.ಗ್ರಾಂ.ನಿಂದ ಶುರು, ವೈದ್ಯರು ನೋಡಿ ವಾರಕ್ಕೊಂದು ಹಂತ ಏರಿಸ್ತಾರೆ. ತಿಂಡಿ ತಿಂದೇ ನುಂಗಬೇಕು, ಆಮೇಲೆ ಹಸಿವು ಸಾಯುತ್ತೆ. ಮಾತ್ರೆ ಮುರಿಯಬಾರದು, ಅಗಿಯಬಾರದು. ಸಂಜೆ ಪರಿಣಾಮ ಇಳಿಯೋ ಹೊತ್ತಿಗೆ ಸಿಡಿಮಿಡಿ ಬಂದರೆ ಕಾಯಿಲೆ ಹೆಚ್ಚಾಯ್ತು ಅಂದುಕೊಳ್ಳಬೇಡಿ, ಗಂಟೆ ಬರೆದಿಟ್ಟು ತೋರಿಸಿ. ಪ್ರಮಾಣ ಹೊಂದಿಸುವ ದಿನಗಳಲ್ಲಿ ಕಾಫಿ ಒಂದು ಲೋಟಕ್ಕೆ ಇಳಿಸಿದರೆ ನಾಡಿಯ ಏರಿಕೆ ಯಾವುದರಿಂದ ಅಂತ ತಿಳಿಯುತ್ತೆ. ಮಾತ್ರೆಯಿಂದ ಗಮನ ಹೆಚ್ಚಿತು ಅನ್ನೋದೇ ರೋಗಕ್ಕೆ ಪುರಾವೆ ಅಲ್ಲ, ಅದು ಎಡಿಎಚ್‌ಡಿ ಇಲ್ಲದವರಿಗೂ ಆಗಬಹುದು.

ಎಡಿಎಚ್‌ಡಿಯ ಇನ್ನೊಂದು ಔಷಧ ಅಟೊಮಾಕ್ಸೆಟಿನ್ ಕೊಟ್ಟರೆ ತಾಳ್ಮೆ ಬೇಕು. ರೂಢಿಯ ಆರಂಭ 40, ಆಮೇಲೆ 80 ಮಿ.ಗ್ರಾಂ. ವಾಕರಿಕೆ ತಪ್ಪಿಸಲು ಇನ್ನೂ ಕಡಿಮೆಯಿಂದ ಶುರು ಮಾಡುವುದೂ ಉಂಟು. ಊಟದ ಜೊತೆ ತಗೊಂಡರೆ ಹೊಟ್ಟೆಗೆ ಹಿತ. ಗುಣ ಕಾಣೋಕೆ ನಾಲ್ಕರಿಂದ ಆರು ವಾರ. ಹತ್ತು ದಿನಕ್ಕೇ "ಏನೂ ಆಗಲಿಲ್ಲ" ಅಂತ ಬಿಟ್ಟುಬಿಡುವವರೇ ಬಹಳ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಮಾತ್ರ ಅವತ್ತೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಗರ್ಭಧಾರಣೆಯ ಯೋಚನೆ ಇದ್ದರೆ ಮೊದಲೇ ಹೇಳಲಿ.

ಫಾರ್ಮಸಿಸ್ಟ್:
ಮಿಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧ. ಅದನ್ನು ಮಾರೋಕೆ ಬೇರೆ ಲೈಸೆನ್ಸ್ ಬೇಕು, ಅದಕ್ಕೇ ಬೀದಿಯ ಮೆಡಿಕಲ್ ಶಾಪಿನಲ್ಲಿ ಸಿಗಲ್ಲ. ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ವಿಡಿಯೋ ಕರೆಯಲ್ಲಿ ಇದನ್ನು ಬರೆದುಕೊಡುವಂತಿಲ್ಲ. ಎಲ್ಲಿ ದಾಸ್ತಾನಿದೆ ಅಂತ ವೈದ್ಯರ ಕೋಣೆಯಲ್ಲೇ ಕೇಳಿ. ಮುಗಿಯೋಕೆ ಒಂದು ವಾರ ಇರುವಾಗಲೇ ಮುಂದಿನ ಭೇಟಿ ಇಟ್ಟುಕೊಳ್ಳಿ. ಅಟೊಮಾಕ್ಸೆಟಿನ್‌ಗೆ ಈ ಕಟ್ಟುಪಾಡಿಲ್ಲ, ಸಾಮಾನ್ಯ ಚೀಟಿ ಸಾಕು.

ತುಂಗಾತೀರ:
ತುಂಬಾ ಉಪಕಾರವಾಯ್ತು. ಎಸಿಟಲೋಪ್ರಾಮ್ ಜೊತೆ ಅಟೊಮಾಕ್ಸೆಟಿನ್ ನಡೆಯುತ್ತಾ?

ಮನೋವೈದ್ಯ, ಹುಬ್ಬಳ್ಳಿ:
ವೈದ್ಯರ ನಿಗಾದಲ್ಲಿ ಜೊತೆಗೆ ಕೊಡುವುದುಂಟು. ಹೆಚ್ಚು ಎಚ್ಚರ ಬೇಕಿರೋದು ಎಸಿಟಲೋಪ್ರಾಮ್ ಗುಂಪಿನದೇ ಆದ ಫ್ಲುಆಕ್ಸೆಟಿನ್, ಪರಾಕ್ಸೆಟಿನ್ ಜೊತೆ. ಅವು ಯಕೃತ್ತಿನ ಸಿವೈಪಿ2ಡಿ6 ಕಿಣ್ವವನ್ನು ತಡೆಯೋದರಿಂದ ಅಟೊಮಾಕ್ಸೆಟಿನ್ ರಕ್ತದಲ್ಲಿ ಹಲವು ಪಟ್ಟು ಏರುತ್ತೆ. ಎಸಿಟಲೋಪ್ರಾಮನ್ನು ತಾವಾಗಿ ನಿಲ್ಲಿಸಿ ಬರೋದು ಮಾತ್ರ ಬೇಡ.

ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು:
ಭೇಟಿ ಸಿಗೋವರೆಗೂ ಕಾಯದೆ ಒಂದು ಕೆಲಸ ಶುರು ಮಾಡಬಹುದು. ಜಿಎಸ್‌ಟಿ 3ಬಿ (ತಿಂಗಳ ತೆರಿಗೆ ರಿಟರ್ನ್) ಕೊನೆಯ ದಿನ 20 ಅಂತ 20ಕ್ಕೆ ಅಲಾರಂ ಇಟ್ಟರೆ ಪ್ರಯೋಜನವಿಲ್ಲ, ಗಡುವು ದೂರ ಇರುವಾಗ ಅದು ಎಡಿಎಚ್‌ಡಿ ಇರುವವರ ಮನಸ್ಸಿನಲ್ಲಿ ಇರೋದೇ ಇಲ್ಲ. 12ಕ್ಕೆ ಬಿಲ್ ಒಟ್ಟು ಮಾಡೋದು, 14ಕ್ಕೆ ಲೆಕ್ಕ ತಾಳೆ ನೋಡೋದು, 16ಕ್ಕೆ ಹಿರಿಯರಿಗೆ ತೋರಿಸೋದು ಅಂತ ಮೂರಾಗಿ ಒಡೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲಿ. 14ರ ಸಂಜೆ ಅರ್ಧ ಗಂಟೆ ನೀವು ಪಕ್ಕದಲ್ಲಿ ನಿಮ್ಮ ಕೆಲಸ ಮಾಡಿಕೊಂಡು ಕೂತಿರಿ, ಮಾತಾಡೋದೇನೂ ಬೇಡ.